ಹಾಜರಿ ಪಟ್ಟಿಯಲ್ಲಿ ಯಾರ ಮಾತಿದೆ? ಸೊಲ್ಲಾಪುರ ಸೀಮೆಯಲ್ಲಿ ಕೂಲಿ ದರ ಮತ್ತು ದುಡಿಮೆ, 1877–1988

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಉಪನ್ಯಾಸದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಪ್ರಶ್ನೋತ್ತರವಿದೆ.)

ನಾನು ದುಧನಿಯವನು. ಸೊಲ್ಲಾಪುರದಿಂದ ವಾಡಿ ಕಡೆ ಹೋಗುವ ರೈಲಿನಲ್ಲಿ ಕುಳಿತರೆ ಅಕ್ಕಲಕೋಟ ರೋಡ್ ದಾಟಿದ ಮೇಲೆ, ಗಾಣಗಾಪುರ ರೋಡ್ ಬರುವುದಕ್ಕೆ ಮುಂಚೆ ನಮ್ಮೂರು ಸಿಗುತ್ತದೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. ಹಿಂಗಾರು ಜೋಳದ, ತೊಗರಿಯ ಸೀಮೆ ಇದು. ಮಳೆಯನ್ನು ನಂಬುವ ಹಾಗಿಲ್ಲ.

ಇವತ್ತಿನ ವಿಷಯಕ್ಕೆ ನಾನು ಬಂದದ್ದು ಪುಸ್ತಕದಿಂದ ಅಲ್ಲ, ಊರಿನ ಎರಡು ಮಾತಿನಿಂದ. ಹೊಲ ಇರುವವರು ಕಟ್ಟೆ ಮೇಲೆ ಕುಳಿತು ಹೇಳುವ ಮಾತು ಒಂದು: "ಕೂಲಿ ಹೆಚ್ಚ ಮಾಡಿದ್ರ ಮಂದಿ ಬರೂದ ಕಡಿಮಿ ಆಗ್ತದ. ನಾಕ ದಿನದ ರೊಕ್ಕ ಎರಡ ದಿನದಾಗ ಸಿಕ್ಕರ ಮೂರನೇ ದಿನ ಯಾಕ ಬರ್ತಾರ?" ಕೂಲಿಗೆ ಹೋಗುವವರ ಓಣಿಯಲ್ಲಿ ಕೇಳುವ ಮಾತು ಇನ್ನೊಂದು: "ಕೂಲಿ ಬಿತ್ತಂದ್ರ ಮನಿಮಂದಿಯೆಲ್ಲಾ ಹೊಲಕ್ಕ ಇಳೀಬೇಕು."

ಸ್ವಲ್ಪ ಯೋಚನೆ ಮಾಡಿ ನೋಡ್ರಿ. ಎರಡೂ ಮಾತು ಒಂದೇ ಸಂಗತಿಯನ್ನು ಹೇಳುತ್ತಿವೆ: ಕೂಲಿ ಏರಿದರೆ ದುಡಿಮೆ ಕಡಿಮೆ, ಕೂಲಿ ಇಳಿದರೆ ದುಡಿಮೆ ಹೆಚ್ಚು. ಮೊದಲನೆಯವರು ಅದನ್ನು ಸೋಮಾರಿತನ ಅಂತ ಓದುತ್ತಾರೆ. ಎರಡನೆಯವರು ಅದನ್ನು ತ್ರಾಸು ಅಂತ ಓದುತ್ತಾರೆ. ನಮ್ಮ ಜಿಲ್ಲೆಯ ಇತಿಹಾಸದಲ್ಲಿ ಸರ್ಕಾರ, ಗಿರಣಿ ಮಾಲೀಕರು, ಅರ್ಥಶಾಸ್ತ್ರಜ್ಞರು ಎಲ್ಲರೂ ಇದೇ ಪ್ರಶ್ನೆಯನ್ನು ಎದುರಿಸಿದ್ದಾರೆ. ಬಹಳ ಸಲ ಅವರು ಉತ್ತರ ಹುಡುಕಿದ್ದು ಹಾಜರಿ ಪಟ್ಟಿಯಲ್ಲಿ, ಅಂದರೆ ನಾವು ಮಸ್ಟರ್ ಅನ್ನುವ ಕಾಗದದಲ್ಲಿ. ಆ ಪಟ್ಟಿಯಲ್ಲಿ ತಲೆ ಎಣಿಕೆ ಕಡಿಮೆಯಾದರೆ "ಇವರಿಗೆ ಕೆಲಸ ಬೇಡ" ಅಂತ ತೀರ್ಮಾನ. ನನ್ನ ವಾದ ಇಷ್ಟೇ: ಹಾಜರಿ ಕುಸಿದ ಮೂರು ಸಂದರ್ಭಗಳು ನಮ್ಮ ಸೀಮೆಯ ಮುಂದಿವೆ, ಮೂರಕ್ಕೂ ಕಾರಣ ಬೇರೆ ಬೇರೆ, ಮೂರರಲ್ಲೂ ಕೂಲಿಕಾರರ ಸೋಮಾರಿತನ ಕಾರಣ ಆಗಿರಲಿಲ್ಲ.

1. ಮೊದಲು ಲೆಕ್ಕ

ಇಲ್ಲಿ ಅರ್ಥಶಾಸ್ತ್ರ ಓದದ ಗೆಳೆಯರೂ ಇದ್ದಾರೆ, ಹಾಗಾಗಿ ಎರಡು ಪದ ಬಿಡಿಸಿ ಹೇಳ್ತೀನಿ. ಕೂಲಿ ಏರಿದಾಗ ಎರಡು ಸೆಳೆತ ಒಟ್ಟಿಗೆ ಕೆಲಸ ಮಾಡುತ್ತವೆ. ಒಂದು ದಿನ ಮನೆಯಲ್ಲಿ ಉಳಿದರೆ ಈಗ ಹೆಚ್ಚು ನಷ್ಟ, ಆದ್ದರಿಂದ ಕೆಲಸಕ್ಕೆ ಹೋಗೋಣ ಅನಿಸುತ್ತದೆ. ಇದು ಬದಲಿ ಪರಿಣಾಮ. ಅದೇ ಹೊತ್ತಿಗೆ ಕೈಯಲ್ಲಿ ರೊಕ್ಕ ಹೆಚ್ಚಿದ್ದರಿಂದ ಒಂದು ದಿನ ಬಿಡುವು ತಗೊಂಡರೂ ನಡೆಯುತ್ತದೆ ಅನಿಸುತ್ತದೆ. ಇದು ಆದಾಯ ಪರಿಣಾಮ. ಎರಡನೆಯದು ಗೆದ್ದರೆ ಪೂರೈಕೆಯ ರೇಖೆ ಹಿಂದಕ್ಕೆ ಬಾಗುತ್ತದೆ.

ಪಠ್ಯಪುಸ್ತಕದಲ್ಲಿ ಈ ಬಾಗು ಮೇಲ್ಗಡೆ ಇರುತ್ತದೆ, ದೊಡ್ಡ ಸಂಬಳದವರಲ್ಲಿ. ಬಡವರಲ್ಲಿ ಅದು ಕೆಳಗಡೆಯೇ ಕಾಣಿಸಬಹುದು. ಒಂದು ಕಲ್ಪಿತ ಲೆಕ್ಕ ನೋಡಿ. ಒಂದು ಮನೆಗೆ ವಾರಕ್ಕೆ 60 ರೂಪಾಯಿ ಬೇಕೇ ಬೇಕು. ದಿನಗೂಲಿ 10 ರೂಪಾಯಿ ಇದ್ದರೆ ಒಬ್ಬರು 6 ದಿನ ಹೋದರೆ ಸಾಕು. ಕೂಲಿ 8ಕ್ಕೆ ಇಳಿದರೆ ಏಳೂವರೆ ದಿನ ಬೇಕು. ವಾರದಲ್ಲಿ ಇರುವುದೇ ಏಳು ದಿನ! ಆಗ ಹೆಂಡತಿಯೂ ಹೋಗಬೇಕು, ಇಲ್ಲ ಮಗಳ ಶಾಲೆ ಬಿಡಿಸಬೇಕು. ಕೂಲಿ 12ಕ್ಕೆ ಏರಿದರೆ 5 ದಿನ ಸಾಕು. ಉಳಿದ ಆರನೆಯ ದಿನ ಎಲ್ಲಿಗೆ ಹೋಯಿತು? ಸ್ವಂತದ ಎರಡೆಕರೆ ಇದ್ದರೆ ಅದರ ಕಳೆಗೆ ಹೋಯಿತು, ಅಥವಾ ಜ್ವರ ಬಂದ ಮೈಗೆ ಹೋಯಿತು. ಕಟ್ಟೆ ಮೇಲೆ ಕುಳಿತವರಿಗೆ ಕಾಣುವುದು "ಒಂದು ದಿನ ಬರಲಿಲ್ಲ" ಅನ್ನುವುದಷ್ಟೇ.

ಈ ಕಟ್ಟೆಯ ಮಾತಿಗೆ ಒಂದು ದೊಡ್ಡ ವಂಶಾವಳಿ ಇದೆ. ಡಚ್ ಅರ್ಥಶಾಸ್ತ್ರಜ್ಞ ಬೂಕೆ ಇಂಡೋನೇಷ್ಯಾವನ್ನು ನೋಡಿ, ಪೂರ್ವದೇಶದ ಜನರ ಬೇಕುಗಳು ಸೀಮಿತ, ಆದ್ದರಿಂದ ಬೆಲೆಯೋ ಕೂಲಿಯೋ ಏರಿದರೆ ದುಡಿಮೆ ಇಳಿಯುತ್ತದೆ ಎಂಬ ಸಿದ್ಧಾಂತ ಕಟ್ಟಿದರು. ಇದರ ಹಿಂದೆ ತೋಟದ ಮಾಲೀಕರ, ಗಿರಣಿಯವರ, ಕಲೆಕ್ಟರರ ಅನುಕೂಲವೂ ಇತ್ತು. ಕೂಲಿ ಏರಿಸಿದರೆ ಕೆಲಸ ಕೆಡುತ್ತದೆ ಅಂದಮೇಲೆ ಏರಿಸುವ ಪ್ರಶ್ನೆಯೇ ಬರುವುದಿಲ್ಲ ನೋಡ್ರಿ.

2. 1877: ಕೂಲಿ ಇಳಿಸಿದರು, ಜನ ಕೆಲಸ ಬಿಟ್ಟರು

1876ರಲ್ಲಿ ಮಳೆ ಕೈಕೊಟ್ಟಿತು. ದಖ್ಖನ್‌ನಲ್ಲಿ 1876–78ರ ಮಹಾ ಬರ ಶುರುವಾಯಿತು. ಮುಂಬಯಿ ಪ್ರಾಂತ್ಯದಲ್ಲಿ ಸೊಲ್ಲಾಪುರ, ಇಂದಿನ ವಿಜಯಪುರ–ಬಾಗಲಕೋಟೆ ಭಾಗಗಳಿದ್ದ ಕಲಾದಗಿ ಜಿಲ್ಲೆ ಇವೆಲ್ಲ ಕಠಿಣವಾಗಿ ಸಿಕ್ಕಿಬಿದ್ದವು. ನಮ್ಮ ಅಕ್ಕಲಕೋಟೆ ಆಗ ಸಂಸ್ಥಾನ. ಆದರೆ ಬರಕ್ಕೆ ಗಡಿ ಗೊತ್ತಿರಲಿಲ್ಲ.

ವೈಸರಾಯ್ ಲಿಟ್ಟನ್ ಸರ್ಕಾರ ಸರ್ ರಿಚರ್ಡ್ ಟೆಂಪಲ್ ಅವರನ್ನು ಬರದ ಪ್ರತಿನಿಧಿಯಾಗಿ ಕಳಿಸಿತು. ಈ ಟೆಂಪಲ್ 1873–74ರಲ್ಲಿ ಬಿಹಾರದ ಬರದಲ್ಲಿ ಧಾರಾಳವಾಗಿ ಅಕ್ಕಿ ತರಿಸಿ ಜೀವ ಉಳಿಸಿದ್ದರು, ಅದಕ್ಕಾಗಿಯೇ "ಖರ್ಚು ಜಾಸ್ತಿ ಮಾಡಿದೆ" ಅಂತ ಬೈಸಿಕೊಂಡಿದ್ದರು. ಈ ಸಲ ಅವರು ಕೈ ಬಿಗಿ ಮಾಡಿದರು. 1877ರ ಜನವರಿಯಲ್ಲಿ ಪರಿಹಾರ ಕಾಮಗಾರಿಯ ಕೂಲಿಯನ್ನು ಇಳಿಸಲಾಯಿತು: ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಒಂದಾಣೆ, ಹೆಂಗಸರಿಗೆ ಮಕ್ಕಳಿಗೆ ಇನ್ನೂ ಕಡಿಮೆ. ಇತಿಹಾಸದಲ್ಲಿ ಇದಕ್ಕೆ "ಟೆಂಪಲ್ ಕೂಲಿ" ಅಂತಲೇ ಹೆಸರು.

ಒಂದು ಪೌಂಡ್ ಅಂದರೆ ಸುಮಾರು 450 ಗ್ರಾಂ. ಅದರಿಂದ ಸಿಗುವುದು ಹೆಚ್ಚೆಂದರೆ 1,600 ಕ್ಯಾಲರಿ. ಬಿಸಿಲಲ್ಲಿ ಕಲ್ಲು ಒಡೆದು ಮಣ್ಣು ಹೊರುವ ಮೈಗೆ ಅದು ಸಾಲದು. ಉಳಿದ ಒಂದಾಣೆಗೆ ಬರದ ಪೇಟೆಯಲ್ಲಿ ಏನು ಬರುತ್ತದೆ? ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ ಇದನ್ನು ಕಟುವಾಗಿ ವಿರೋಧಿಸಿದರು. ಅಲ್ಲಿ 1877ರ ಮಾರ್ಚ್‌ನಲ್ಲಿ ಧಾನ್ಯದ ಪ್ರಮಾಣವನ್ನು ಸ್ವಲ್ಪ ಏರಿಸಿ ಬೇಳೆಯನ್ನೂ ಸೇರಿಸಲಾಯಿತು.

ಮುಂಬಯಿ ಪ್ರಾಂತ್ಯದಲ್ಲಿ ಏನಾಯಿತು? ಸಾವಿರಾರು ಜನ ಕಾಮಗಾರಿ ಬಿಟ್ಟು ಎದ್ದು ಹೋದರು. ಊರ ಹತ್ತಿರದ ಸಣ್ಣ ಕೆಲಸ ಮುಚ್ಚಿ, ದೂರದ ದೊಡ್ಡ ಕಾಮಗಾರಿಗೆ ಹೋಗಿ ಅಲ್ಲೇ ಇರಬೇಕು ಎಂಬ ನಿಯಮಕ್ಕೂ ಅವರ ವಿರೋಧ ಇತ್ತು. ಬರ ಪರಿಹಾರದ ಕೆಲಸದಲ್ಲಿ ಮುಷ್ಕರ! ಮಹಾದೇವ ಗೋವಿಂದ ರಾನಡೆ, ಗಣೇಶ ವಾಸುದೇವ ಜೋಶಿ ಇವರ ಪುಣೆ ಸಾರ್ವಜನಿಕ ಸಭೆ ಬರದ ಜಿಲ್ಲೆಗಳಿಂದ ವರದಿ ತರಿಸಿ, ಮುಷ್ಕರ ಹೂಡಿದವರ ಪರ ಸರ್ಕಾರಕ್ಕೆ ಬರೆಯಿತು.

ಅಧಿಕಾರಿಗಳು ಇದನ್ನು ಓದಿದ ರೀತಿ ಗಮನಿಸಿ. ಬಿಟ್ಟುಹೋದರು ಅಂದರೆ ಅವರಿಗೆ ಅಷ್ಟೇನೂ ಹಸಿವಿಲ್ಲ, ಅವರು ನಿಜವಾದ ಬರಪೀಡಿತರಲ್ಲ ಅಂತ. ನಾನು ಹೇಳುವುದು ಬೇರೆ. ನಾನು ಮೊದಲು ತೋರಿಸಿದ ಲೆಕ್ಕಕ್ಕೆ, ಅಂದರೆ ಕೂಲಿ ಇಳಿದಷ್ಟೂ ಹೆಚ್ಚು ದುಡಿಯುತ್ತಾರೆ ಅನ್ನುವುದಕ್ಕೆ, ಒಂದು ತಳ ಇದೆ. ದುಡಿಮೆಗೆ ಖರ್ಚಾಗುವ ಕಸುವು ಕೂಲಿಯಿಂದ ಬರುವ ಕಸುವಿಗಿಂತ ಹೆಚ್ಚಾದರೆ, ಕೆಲಸಕ್ಕೆ ಹೋಗುವುದೇ ಸಾವಿನ ದಾರಿ. ಆ ತಳದ ಕೆಳಗೆ ಹಾಜರಿ ಕುಸಿಯುತ್ತದೆ. ಅಲ್ಲಿ ಕೂಲಿಕಾರ ಸರಿಯಾಗಿಯೇ ಲೆಕ್ಕ ಹಾಕಿರುತ್ತಾನೆ.

ಮುಂದೆ 1880ರ ಬರ ಆಯೋಗ, ಅದರಿಂದ ಬಂದ ಬರ ಸಂಹಿತೆಗಳು ಒಂದು ಉಪಾಯವನ್ನು ಕಾಯಂ ಮಾಡಿದವು: "ಪರೀಕ್ಷಾ ಕಾಮಗಾರಿ". ಕಡಿಮೆ ಕೂಲಿಗೆ ಕಷ್ಟದ ಕೆಲಸ ಶುರು ಮಾಡಬೇಕು. ಜನ ಬಂದರೆ ಬರ ಇದೆ, ಬರದಿದ್ದರೆ ಇಲ್ಲ. ಹೀಗೆ ಹಾಜರಿ ಪಟ್ಟಿ ಬರವನ್ನು ಅಳೆಯುವ ಥರ್ಮಾಮೀಟರ್ ಆಯಿತು. ಕೂಲಿ ಕಡಿಮೆ ಇಟ್ಟರೇನೇ ಆ ಥರ್ಮಾಮೀಟರ್ ಕೆಲಸ ಮಾಡುವುದು. ಈ ಮಾತು ನೆನಪಿನಲ್ಲಿಡಿ, 1988ಕ್ಕೆ ಬೇಕಾಗುತ್ತದೆ.

3. ಗಿರಣಿಯ ಗೈರುಹಾಜರಿ

ಅದೇ 1877ರಲ್ಲಿ ಸೊಲ್ಲಾಪುರದಲ್ಲಿ ಮೊದಲ ಬಟ್ಟೆ ಗಿರಣಿ ಶುರುವಾಯಿತು. ಜನ ಇವತ್ತಿಗೂ "ಜುನಿ ಮಿಲ್" ಅನ್ನುತ್ತಾರೆ. ಆಮೇಲೆ ಲಕ್ಷ್ಮೀ, ವಿಷ್ಣು, ನರಸಿಂಗ ಗಿರಜಿ ಹೀಗೆ ಒಂದೊಂದೇ ಬಂದವು. ಸುತ್ತಲ ಹಳ್ಳಿಗಳ ಕನ್ನಡಿಗರು, ಮರಾಠಿಗರು, ತೆಲುಗು ಪದ್ಮಶಾಲಿಗಳು ಅಲ್ಲಿ ಸೇರಿದರು.

ಗಿರಣಿ ಮಾಲೀಕರ ಹಳೆಯ ದೂರು ಒಂದೇ: ಇವರು ಪೂರ್ತಿ ಕಾರ್ಮಿಕರಲ್ಲ, ಅರ್ಧ ಒಕ್ಕಲಿಗರು. ಬಿತ್ತನೆಗೆ, ಸುಗ್ಗಿಗೆ, ಜಾತ್ರೆಗೆ ಊರಿಗೆ ಹೋಗುತ್ತಾರೆ. ಪಗಾರ ಏರಿಸಿದರೆ ಇನ್ನೂ ಹೆಚ್ಚು ದಿನ ಹೋಗುತ್ತಾರೆ. 1929ರಲ್ಲಿ ನೇಮಕವಾಗಿ 1931ರಲ್ಲಿ ವರದಿ ಕೊಟ್ಟ ವಿಟ್ಲೆ ಕಾರ್ಮಿಕ ಆಯೋಗದ ಮುಂದೆಯೂ ಗೈರುಹಾಜರಿ ದೊಡ್ಡ ವಿಷಯವಾಗಿತ್ತು.

ಇತಿಹಾಸಕಾರ ಮಾರಿಸ್ ಡಿ. ಮಾರಿಸ್ 1965ರಲ್ಲಿ ಮುಂಬಯಿ ಗಿರಣಿಗಳ ಬಗ್ಗೆ ಬರೆದ ಪುಸ್ತಕದಲ್ಲಿ ಈ ನಂಬಿಕೆಯನ್ನು ಅಲುಗಾಡಿಸಿದರು: ಗಿರಣಿಗಳಿಗೆ ಕೆಲಸಗಾರರ ಕೊರತೆ ನಿಜವಾಗಿ ಇರಲೇ ಇಲ್ಲ. ಇದಕ್ಕೆ ದೊಡ್ಡ ಸಾಕ್ಷಿ ಬದಲಿ ಪದ್ಧತಿ. ಬೆಳಗ್ಗೆ ಭೋಂಗಾ ಆಗುವ ಹೊತ್ತಿಗೆ ಗೇಟಿನ ಮುಂದೆ ಬದಲಿ ಕಾರ್ಮಿಕರು ಕಾಯುತ್ತಿದ್ದರು. ಕಾಯಂ ಮನುಷ್ಯ ಬರದಿದ್ದರೆ ಇವರಲ್ಲಿ ಒಬ್ಬರಿಗೆ ಅವತ್ತಿನ ಪಗಾರ. ಹಾಜರಿ ಪಟ್ಟಿಯಲ್ಲಿ ಒಬ್ಬನ ಹೆಸರಿನ ಮುಂದೆ ಗೈರು ಅಂತ ಬಿದ್ದರೂ ಮಗ್ಗ ನಿಲ್ಲುತ್ತಿರಲಿಲ್ಲ. ಕಾಯಂ ಆದವನಿಗೂ ಊರ ಹೊಲ ಬಿಡುವ ಧೈರ್ಯ ಇರಲಿಲ್ಲ. ಯಾಕೆಂದರೆ ಮುಪ್ಪು ಬಂದರೆ, ಕಾಯಿಲೆ ಬಿದ್ದರೆ, ಗಿರಣಿ ಮುಚ್ಚಿದರೆ ನೋಡುವವರು ಊರಲ್ಲೇ ಇದ್ದರು.

ಗಿರಣಿ ಮುಚ್ಚುವುದು ಬರೀ ಭಯ ಆಗಿರಲಿಲ್ಲ. ಜುನಿ ಮಿಲ್ 1949ರಲ್ಲಿ ಮುಚ್ಚಿತು. ಕೇಂದ್ರ ಸರ್ಕಾರ 1950ರಲ್ಲಿ ವಿಶೇಷ ಕಾಯ್ದೆ ಮಾಡಿ ಅದನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಆ ವಿವಾದ ಸುಪ್ರೀಂ ಕೋರ್ಟಿಗೆ ಹೋಗಿ ಚಿರಂಜಿತ್ ಲಾಲ್ ಪ್ರಕರಣ ಅಂತ ಕಾನೂನು ವಿದ್ಯಾರ್ಥಿಗಳಿಗೆಲ್ಲ ಗೊತ್ತಿದೆ. ನಮಗೆ ಬೇಕಾದದ್ದು ಅದರ ಇನ್ನೊಂದು ಮುಖ. ಗೇಟು ಮುಚ್ಚಿದ ಆ ತಿಂಗಳುಗಳಲ್ಲಿ ಹಾಜರಿ ಸೊನ್ನೆ. ಅದನ್ನು ನೋಡಿ ಯಾರೂ "ಕಾರ್ಮಿಕರಿಗೆ ಕೆಲಸ ಬೇಡವಾಗಿತ್ತು" ಅನ್ನಲಿಲ್ಲ. ಗೇಟು ಅರ್ಧ ಮುಚ್ಚಿದಾಗ ಮಾತ್ರ ನಾವು ಹಾಗೆ ಅಂದುಬಿಡುತ್ತೇವೆ.

4. ಬಹಾತ್ತರದ ಬರದಿಂದ 1988ರವರೆಗೆ

ನಮ್ಮ ಕಡೆ ಹಿರಿಯರು ವಯಸ್ಸು ಲೆಕ್ಕ ಹಾಕುವುದೇ "ಬಹಾತ್ತರದ ಬರ"ದಿಂದ. 1972–73. ನಮ್ಮ ಅಜ್ಜಿ ಖಡಿ ಒಡೆಯಲು ಹೋಗುತ್ತಿದ್ದಳು. ಕೆಲಸದ ಜಾಗದಲ್ಲಿ ಸುಕಡಿ ಹಂಚುತ್ತಿದ್ದರಂತೆ, ಅದನ್ನು ಸೆರಗಿನಲ್ಲಿ ಕಟ್ಟಿ ಮನೆಗೆ ತರುತ್ತಿದ್ದಳಂತೆ. ಅದಕ್ಕೆ ಮುಂಚೆ ಅವಳು ಬೇರೆಯವರ ಹೊಲಕ್ಕೆ ಕೂಲಿಗೆ ಹೋದವಳೇ ಅಲ್ಲ. ಆ ಬರದ ತುತ್ತತುದಿಯಲ್ಲಿ, 1973ರ ಬೇಸಿಗೆಯಲ್ಲಿ, ಮಹಾರಾಷ್ಟ್ರದ ಪರಿಹಾರ ಕಾಮಗಾರಿಗಳಲ್ಲಿ ಸುಮಾರು 50 ಲಕ್ಷ ಜನ ಇದ್ದರು. ಬೆಳೆ ಹೋದಾಗ, ಹೊರಗೆ ಕೂಲಿ ಬಿದ್ದಾಗ, ದುಡಿಮೆಗೆ ಬರುವವರ ಸಂಖ್ಯೆ ಹೇಗೆ ಉಕ್ಕುತ್ತದೆ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ.

ರೋಜಗಾರ ಹಮಿ ಯೋಜನೆ ಬಲವಾಗಿ ಬೇರು ಬಿಟ್ಟಿದ್ದು ಇಲ್ಲಿಂದ. ವಿ. ಸ. ಪಾಗೆ ಅವರ ಕಲ್ಪನೆ ಅದು. 1965ರಲ್ಲಿ ಸಾಂಗ್ಲಿ ಜಿಲ್ಲೆಯ ತಾಸಗಾಂವ್ ತಾಲೂಕಿನಲ್ಲಿ ಪ್ರಯೋಗ ನಡೆದಿತ್ತು. 1977ರಲ್ಲಿ ಕಾಯ್ದೆಯಾಗಿ, 1979ರ ಜನವರಿ 26ರಿಂದ ಜಾರಿಗೆ ಬಂತು. ಪಟ್ಟಣದ ಸಂಬಳದಾರರು ಕಟ್ಟುವ ವೃತ್ತಿ ತೆರಿಗೆ ಇದರ ಒಂದು ಆದಾಯ ಮೂಲ. ಕೆಲಸ ಕೇಳಿದವರಿಗೆ ಕೆಲಸ ಕೊಡಲೇಬೇಕು ಎಂಬ ಹಕ್ಕು ಇದರಲ್ಲಿ ಹೊಸದು. ಆದರೆ ಒಳಗಿನ ಯುಕ್ತಿ ಬರ ಸಂಹಿತೆಯದೇ: ಕೂಲಿ ಕಡಿಮೆ ಇರಲಿ, ಕೆಲಸ ಮೈಮುರಿಯುವಂಥದ್ದಿರಲಿ, ಆಗ ನಿಜವಾದ ಬಡವರು ಮಾತ್ರ ಬರುತ್ತಾರೆ. ಬಡವರನ್ನು ಪಟ್ಟಿ ಮಾಡುವ ತಾಪತ್ರಯ ಇಲ್ಲ, ಅವರೇ ಆರಿಸಿಕೊಂಡು ಬರುತ್ತಾರೆ.

1988ರಲ್ಲಿ ರಾಜ್ಯದ ಕೃಷಿ ಕನಿಷ್ಠ ಕೂಲಿ ಏರಿತು, ಅದರ ಜೊತೆ ಹಮಿಯ ಕೂಲಿಯೂ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಪಠ್ಯಪುಸ್ತಕದ ಪ್ರಕಾರ ಜನ ಮುಗಿಬೀಳಬೇಕಿತ್ತು. ಆದರೆ ಹಾಜರಿ ತೀವ್ರವಾಗಿ ಕುಸಿಯಿತು. ಕಟ್ಟೆಯ ಮೇಲಿನವರು "ನಾವು ಹೇಳಿರಲಿಲ್ಲವೆ?" ಅನ್ನಬಹುದಾಗಿತ್ತು.

ಮಾರ್ಟಿನ್ ರವಾಲಿಯನ್, ಗೌರವ್ ದತ್, ಶುಭಂ ಚೌಧುರಿ ಈ ಮೂವರು 1993ರಲ್ಲಿ ಪ್ರಕಟಿಸಿದ ಲೇಖನ ಇದನ್ನೇ ಕೆದಕಿತು. 1987 ಬರದ ವರ್ಷ, 1988ರಲ್ಲಿ ಒಳ್ಳೆಯ ಮಳೆ. ಹಾಗಾದರೆ ಹಾಜರಿ ಇಳಿದದ್ದು ಮಳೆಯಿಂದಲೇ? ಹಿಂದಿನ ವರ್ಷಗಳ ತಿಂಗಳುವಾರು ಹಾಜರಿ ಹಿಡಿದು, ಎಷ್ಟು ಇರಬೇಕಿತ್ತು, ಎಷ್ಟು ಇತ್ತು ಅಂತ ಅವರು ಹೋಲಿಸಿದರು. ಮಳೆಯಿಂದ ಮಾತ್ರ ಆಗುವ ಇಳಿತ ಅದಾಗಿರಲಿಲ್ಲ. ಕೆಲಸ ಕೇಳುವವರು ಇದ್ದರು, ಕೆಲಸ ತೆರೆಯಲಿಲ್ಲ. ತಲೆಗೆ ಎರಡರಷ್ಟು ಕೊಡಬೇಕಾದಾಗ ಖಜಾನೆ ತಲೆಗಳನ್ನೇ ಕಡಿಮೆ ಮಾಡಿತು. ಖಾತ್ರಿ ಎಂಬ ಹೆಸರಿನ ಯೋಜನೆಯಲ್ಲಿ ಕೆಲಸ ಪಡಿತರ ಆಯಿತು.

ಇದನ್ನು ಸರಳವಾಗಿ ಹೇಳಬೇಕು ಅಂದರೆ: ಮಸ್ಟರ್ ಮೇಲೆ ಬರುವ ಅಂಕಿ ಎರಡು ಸಂಖ್ಯೆಗಳಲ್ಲಿ ಸಣ್ಣದು. ಕೆಲಸ ಬೇಕು ಅನ್ನುವವರು ಎಷ್ಟು, ಕೆಲಸ ತೆರೆದದ್ದು ಎಷ್ಟು ಜನಕ್ಕೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದಷ್ಟೇ ಕಾಗದದ ಮೇಲೆ ಬೀಳುತ್ತದೆ. ಕೂಲಿ ಕಡಿಮೆ ಇದ್ದಾಗ ಮೊದಲನೆಯದು ಕಾಣುತ್ತಿತ್ತು. ಕೂಲಿ ಏರಿದ ಮೇಲೆ ಎರಡನೆಯದು ಕಾಣತೊಡಗಿತು. ಒಂದೇ ಮಸ್ಟರ್, ಒಂದೇ ಕಾಲಂ, ಅರ್ಥ ಮಾತ್ರ ಬದಲಾಗಿತ್ತು.

5. ಮನೆಯೊಳಗಿನ ಲೆಕ್ಕ

ಹಾಗಾದರೆ ಬಡವರ ದುಡಿಮೆ ಕೂಲಿಗೆ ಹೇಗೆ ಸ್ಪಂದಿಸುತ್ತದೆ ಅಂತ ತಿಳಿಯುವುದು ಹೇಗೆ? ಮಸ್ಟರ್ ಬಿಟ್ಟು ಮನೆಯೊಳಗೆ ಹೋಗಬೇಕು. ಈ ವಿಷಯದಲ್ಲಿ ನಮ್ಮ ಜಿಲ್ಲೆ ಪುಣ್ಯವಂತ. ಹೈದರಾಬಾದ್ ಹತ್ತಿರ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆ 1975ರಿಂದ ಹಳ್ಳಿಗಳಲ್ಲಿ ಕುಳಿತು ಮನೆಮನೆಯ ಲೆಕ್ಕ ಬರೆದುಕೊಂಡಿತು. ಆ ಹಳ್ಳಿಗಳಲ್ಲಿ ಎರಡು, ಶಿರಾಪುರ ಮತ್ತು ಕಳಮಣ, ನಮ್ಮ ಸೊಲ್ಲಾಪುರ ಜಿಲ್ಲೆಯವು. ಜಗತ್ತಿನ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಈ ಹಳ್ಳಿಗಳ ಅಂಕಿ ಇಟ್ಟುಕೊಂಡು ಪಿಎಚ್.ಡಿ. ಆಗಿವೆ, ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಅಂಜಿನಿ ಕೋಚರ್ 1999ರಲ್ಲಿ ಇದೇ ಅಂಕಿಗಳಿಂದ ತೋರಿಸಿದ್ದು: ಬೆಳೆ ಹೋದಾಗ ರೈತ ಮನೆಯ ಗಂಡಸರು ಹೊರಗಿನ ಕೂಲಿಗೆ ಹೆಚ್ಚು ಹೊತ್ತು ಹೋಗುತ್ತಾರೆ, ನಷ್ಟವನ್ನು ಮೈಯಿಂದ ತುಂಬುತ್ತಾರೆ. ಸೀಮಾ ಜಯಚಂದ್ರನ್ ಅವರು 2006ರಲ್ಲಿ ಭಾರತದ ಜಿಲ್ಲೆಗಳ ಅಂಕಿ ಹಿಡಿದು ಇದರ ಮುಂದಿನ ಹೆಜ್ಜೆ ತೋರಿಸಿದರು: ಮಳೆ ಕೈಕೊಟ್ಟಾಗ ಎಲ್ಲ ಬಡವರೂ ಒಟ್ಟಿಗೆ ಕೂಲಿಗೆ ಇಳಿಯುವುದರಿಂದ ಕೂಲಿ ದರ ಇನ್ನೂ ಆಳಕ್ಕೆ ಬೀಳುತ್ತದೆ. ಬ್ಯಾಂಕು ಹತ್ತಿರ ಇರುವಲ್ಲಿ, ವಲಸೆ ಹೋಗುವ ದಾರಿ ಇರುವಲ್ಲಿ ಅಷ್ಟು ಬೀಳುವುದಿಲ್ಲ. ಅಂದರೆ ಕಟ್ಟೆಯವರು ಸೋಮಾರಿತನ ಅನ್ನುವ ಆ "ಬಾರದ ದಿನ" ಇಡೀ ಓಣಿಯ ಕೂಲಿಯನ್ನು ಹಿಡಿದು ನಿಲ್ಲಿಸುವ ದಿನ.

ಇನ್ನು ನೇರ ಪ್ರಯೋಗ. ಆಫ್ರಿಕಾದ ಮಲಾವಿಯಲ್ಲಿ ಜೆಸಿಕಾ ಗೋಲ್ಡ್‌ಬರ್ಗ್ ವಾರದಿಂದ ವಾರಕ್ಕೆ ಕೂಲಿ ಬದಲಾಯಿಸಿ, ಕೇಳಿದವರಿಗೆಲ್ಲ ಕೆಲಸ ಕೊಟ್ಟು ನೋಡಿದರು. 2016ರಲ್ಲಿ ಫಲಿತಾಂಶ ಬಂತು: ಕೂಲಿ ಶೇ. 10 ಏರಿದರೆ ಬರುವವರು ಸುಮಾರು ಶೇ. 1.5 ಹೆಚ್ಚುತ್ತಾರೆ. ಸಣ್ಣ ಏರಿಕೆ, ಆದರೆ ಏರಿಕೆ. ಗೇಟು ಪೂರ್ತಿ ತೆರೆದಿಟ್ಟಾಗ ಹಿಂದಕ್ಕೆ ಬಾಗುವ ರೇಖೆ ಕಾಣಲಿಲ್ಲ.

ಇಲ್ಲಿಗೆ ನನ್ನ ಮಾತು ಮುಗಿಸ್ತೀನಿ. 1877ರಲ್ಲಿ ಹಾಜರಿ ಬಿದ್ದದ್ದು ಕೂಲಿ ಬದುಕಿನ ತಳಕ್ಕಿಂತ ಕೆಳಗೆ ಹೋದದ್ದರಿಂದ. ಗಿರಣಿಯಲ್ಲಿ ಬಿದ್ದದ್ದು ನೌಕರಿಗೆ ಭದ್ರತೆ ಇಲ್ಲದ್ದರಿಂದ. 1988ರಲ್ಲಿ ಬಿದ್ದದ್ದು ಕೆಲಸ ಕೊಡುವವರು ಕೈ ಹಿಂದೆಗೆದದ್ದರಿಂದ. ಮೂರಕ್ಕೂ ಒಂದೇ ವಿವರಣೆ ಕೊಟ್ಟರೆ ಇತಿಹಾಸವೂ ತಪ್ಪುತ್ತದೆ, ನೀತಿಯೂ ತಪ್ಪುತ್ತದೆ.

ಪ್ರಶ್ನೋತ್ತರ

ಪ್ರಶ್ನೆ: ಹಾಗಾದರೆ 1988ರಲ್ಲಿ ಕೂಲಿ ಏರಿಸಿದ್ದೇ ತಪ್ಪು ಅಂತ ಹೇಳಬಹುದಲ್ಲ? ಕಡಿಮೆ ಕೂಲಿ ಇದ್ದಿದ್ದರೆ ಹೆಚ್ಚು ಜನಕ್ಕೆ ಕೆಲಸ ಸಿಗುತ್ತಿತ್ತು.

ಉತ್ತರ: ಈ ವಾದ ಇದೆ ಸರ್, ಗಟ್ಟಿ ವಾದವೇ. ಹಣದ ಗಂಟು ಇಷ್ಟೇ ಅಂತ ಕಟ್ಟಿಬಿಟ್ಟರೆ ಅದು ನಿಜ. ಆದರೆ ಕಾಯ್ದೆಯಲ್ಲಿ ಗಂಟಿಗೆ ಮಿತಿ ಇರಲಿಲ್ಲ, ಖಾತ್ರಿ ಇತ್ತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಡುವ ಯೋಜನೆಯನ್ನು ಸರ್ಕಾರವೇ ನಡೆಸಬಹುದೇ ಅನ್ನುವ ಪ್ರಶ್ನೆಯೂ ಇದೆ. ನಾನು ಕೇಳುವುದು ಇಷ್ಟು: ಯಾವ ಕಡೆ ವಾದಿಸಿದರೂ "ಜನ ಬರಲಿಲ್ಲ" ಅಂತ ಬರೆಯಬೇಡಿ, "ಕೆಲಸ ತೆರೆಯಲಿಲ್ಲ" ಅಂತ ಬರೆಯಿರಿ. ಆಗ ಚರ್ಚೆ ಸರಿಯಾದ ಜಾಗದಿಂದ ಶುರುವಾಗುತ್ತದೆ.

ಪ್ರಶ್ನೆ: ಹೆಂಗಸರ ದುಡಿಮೆ ಬೇರೆಯಾಗಿ ನೋಡಬೇಕಲ್ವಾ? ನೀವು ಮನೆ ಅಂತ ಒಟ್ಟಿಗೆ ಹೇಳಿದ್ರಿ.

ಉತ್ತರ: ಹೌದು ಮೇಡಂ, ಅದು ನನ್ನ ಮಂಡನೆಯ ಕೊರತೆ, ಒಪ್ಪಿಕೊಳ್ತೀನಿ. ಗಂಡಸಿನ ಕೂಲಿ ಬಿದ್ದಾಗ ಮೊದಲು ಹೊಲಕ್ಕೆ ಇಳಿಯುವವಳು ಹೆಂಗಸು, ಏರಿದಾಗ ಮೊದಲು ಹಿಂದೆ ಸರಿಯುವವಳೂ ಅವಳೇ. ಆದರೆ ಅವಳು ಹಿಂದೆ ಸರಿದದ್ದು ಬಿಡುವಿಗೆ ಅಂತ ಬರೆದರೆ ತಪ್ಪು. ನೀರು, ಉರುವಲು, ಮಕ್ಕಳು ಯಾವ ಮಸ್ಟರ್‌ನಲ್ಲೂ ಇಲ್ಲ. ಸೊಲ್ಲಾಪುರದ ಬೀಡಿ ಕಟ್ಟುವ ಹೆಂಗಸರನ್ನು ನೋಡಿ. ಮನೆಯಲ್ಲೇ ಕುಳಿತು ಸಾವಿರದ ಲೆಕ್ಕದಲ್ಲಿ ಕಟ್ಟುತ್ತಾರೆ, ಎಷ್ಟು ತಾಸು ದುಡಿದರು ಅಂತ ಯಾರು ಬರೆದುಕೊಳ್ಳುತ್ತಾರೆ?

ಪ್ರಶ್ನೆ: ಈಗ ನರೇಗಾ ಬಂದಮೇಲೆ ಹೊಲಕ್ಕೆ ಆಳು ಸಿಗ್ತಿಲ್ಲ ಅಂತ ನಮ್ಮಪ್ಪನೇ ಹೇಳ್ತಾರೆ. ಅದೂ ಸುಳ್ಳಾ?

ಉತ್ತರ: ಸುಳ್ಳಲ್ಲ. ನಮ್ಮ ಮನೆಯಲ್ಲೂ ಹೇಳ್ತಾರೆ. (ನಗು) ನರೇಗಾ ಮೊದಲು ಬಂದ ಜಿಲ್ಲೆಗಳಲ್ಲಿ, ಅದು ಹೆಚ್ಚು ನಡೆಯುತ್ತಿದ್ದ ಒಣ ತಿಂಗಳುಗಳಲ್ಲಿ, ಖಾಸಗಿ ಕೂಲಿ ಸುಮಾರು ಶೇ. 5ರಷ್ಟು ಏರಿತ್ತು ಅಂತ ಇಂಬರ್ಟ್ ಮತ್ತು ಪಾಪ್ 2015ರಲ್ಲಿ ತೋರಿಸಿದ್ದಾರೆ. ಹಾಗಾಗಿ ನಿಮ್ಮ ತಂದೆಯವರು ಹೇಳುವುದು "ಹಳೆಯ ದರಕ್ಕೆ ಆಳು ಸಿಗ್ತಿಲ್ಲ" ಅಂತ ತಿಳಿದುಕೊಳ್ಳಿ. ಎರಡೆಕರೆ, ನಾಲ್ಕೆಕರೆ ಒಣಬೇಸಾಯದ ರೈತನಿಗೆ ಆ ಏರಿಕೆ ಭಾರವೇ, ಅದನ್ನು ನಾನು ಹಗುರ ಮಾಡುವುದಿಲ್ಲ. ತೊಗರಿಗೆ ಸರಿಯಾದ ಬೆಲೆ ಸಿಗದೆ ಅವನು ಕೂಲಿ ಎಲ್ಲಿಂದ ಏರಿಸುತ್ತಾನೆ? ಆ ಪ್ರಶ್ನೆಯನ್ನು ಕೇಳಬೇಕಾದದ್ದು ಅಡತ್ ಅಂಗಡಿಯಲ್ಲಿ, ಕೂಲಿಕಾರರ ಓಣಿಯಲ್ಲಿ ಅಲ್ಲ.

ಸಮಯ ಮೀರಿದೆ. ಒಂದು ವಿನಂತಿ ಅಷ್ಟೇ. ಗಡಿಭಾಗದ ಗೆಳೆಯರು ರಜೆಗೆ ಊರಿಗೆ ಹೋದಾಗ ಬಹಾತ್ತರದ ಬರದಲ್ಲಿ ಖಡಿ ಒಡೆದವರು ಇನ್ನೂ ಇದ್ದರೆ ಅವರ ಜೊತೆ ಕುಳಿತು ಬರೆದುಕೊಳ್ಳಿ: ಎಷ್ಟು ಕೂಲಿ, ಎಷ್ಟು ದಿನ, ಮನೆಯಿಂದ ಯಾರು ಯಾರು ಹೋಗುತ್ತಿದ್ದರು, ಯಾವಾಗ ಬಿಟ್ಟರು, ಯಾಕೆ ಬಿಟ್ಟರು. ಆ ಕೊನೆಯ "ಯಾಕೆ" ಯಾವ ಕಚೇರಿಯ ಕಾಗದದಲ್ಲೂ ಇಲ್ಲ.